ವಾರಂಟಿ ಇದೆ, ಕಾರು ಮಾತ್ರ ಓಡುವುದಿಲ್ಲ: ಬಳ್ಳಾರಿ ಸೀಮೆಯ ಕಾರು ಮಾಲೀಕರ ಅಲೆದಾಟ

ಬಳ್ಳಾರಿ: 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ದೊಡ್ಡ ಕಾರುಗಳಿಗೆ ಶೇ. 40ರ ಒಂದೇ ದರ ನಿಗದಿಯಾಯಿತು. ಆಯುಧಪೂಜೆಯ ಹೊತ್ತಿಗೆ ದೇಶದಾದ್ಯಂತ ಷೋರೂಂಗಳ ಮುಂದೆ ಸರದಿ ನಿಂತಿತು. ಕಾರು ಕೊಳ್ಳುವುದು ಎಷ್ಟು ಅಗ್ಗವಾಯಿತು ಎಂಬ ಲೆಕ್ಕವನ್ನು ಎಲ್ಲರೂ ಹಾಕಿದರು. ಕೊಂಡ ಕಾರು ಕೈಕೊಟ್ಟರೆ ಏನು ಗತಿ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿದಂತಿಲ್ಲ.

ಹೊಸ ಕಾರು ಕೊಂಡ ಕೆಲವೇ ತಿಂಗಳಲ್ಲಿ ಸರ್ವೀಸ್ ಸೆಂಟರ್‌ನ ಬಾಗಿಲು ಕಾಯುವ ಪಾಡು ಯಾವುದೇ ಊರಿನ ಗ್ರಾಹಕನಿಗೆ ಹೊಸದಲ್ಲ. ಆದರೆ ಬೆಂಗಳೂರಿನ ಗ್ರಾಹಕನಿಗೆ ಒಂದು ಸರ್ವೀಸ್ ಸೆಂಟರ್ ಸರಿಬೀಳದಿದ್ದರೆ ಅದೇ ಕಂಪನಿಯ ಮತ್ತೊಂದು ಸಿಗುತ್ತದೆ. ಸಿರುಗುಪ್ಪ, ಕುರುಗೋಡಿನಂಥ ತಾಲ್ಲೂಕು ಕೇಂದ್ರಗಳ ಗ್ರಾಹಕನಿಗೆ ಸಾಮಾನ್ಯವಾಗಿ ಇರುವುದು ಬಳ್ಳಾರಿಯೊಂದೇ. ಅಲ್ಲಿಯೂ ಆಗದಿದ್ದರೆ ಹುಬ್ಬಳ್ಳಿ ಅಥವಾ ಬೆಂಗಳೂರು. ಕಾರು ತಯಾರಿಸಿದವರು ನೀಡುವ ವಾರಂಟಿ ಕಾಗದದ ಮೇಲೆ ಎಲ್ಲರಿಗೂ ಒಂದೇ. ಅನುಭವಕ್ಕೆ ಬರುವಾಗ ಅದು ದೂರಕ್ಕೆ ತಕ್ಕಂತೆ ಸವೆಯುತ್ತ ಹೋಗುತ್ತದೆ.

ಈ ಸವೆತವನ್ನು ಅಳೆಯುವ ಯಾವ ಮಾನದಂಡವೂ ನಮ್ಮ ಕಾನೂನಿನಲ್ಲಿ ಇಲ್ಲ ಎಂಬುದೇ ಸಮಸ್ಯೆಯ ಮೂಲ. ಕಾರಿನಲ್ಲಿ ತಯಾರಿಕಾ ದೋಷ ಇದೆಯೇ ಇಲ್ಲವೇ ಎಂದು ಕಾನೂನು ಕೇಳುತ್ತದೆ. ಎಷ್ಟು ಬಾರಿ ರಿಪೇರಿಗೆ ಬಂತು, ಎಷ್ಟು ದಿನ ಷೆಡ್ಡಿನಲ್ಲಿ ನಿಂತಿತು ಎಂದು ಎಣಿಸುವುದಿಲ್ಲ.

ದೂರದ ದಂಡ

ಸಿರುಗುಪ್ಪದಿಂದ ಬಳ್ಳಾರಿಗೆ ರಾಷ್ಟ್ರೀಯ ಹೆದ್ದಾರಿ 150ಎ ಮೂಲಕ ಸುಮಾರು 55 ಕಿಲೋಮೀಟರ್. ಕುರುಗೋಡಿನಿಂದ ಸುಮಾರು 30 ಕಿಲೋಮೀಟರ್. ಸಿರುಗುಪ್ಪದ ಗ್ರಾಹಕನೊಬ್ಬ ಒಂದೇ ದೋಷಕ್ಕಾಗಿ ನಾಲ್ಕು ಬಾರಿ ಕಾರನ್ನು ಬಳ್ಳಾರಿಗೆ ಒಯ್ದ ಎಂದಿಟ್ಟುಕೊಳ್ಳೋಣ. ಕಾರು ಓಡಿದ ದೂರ 440 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಮೈಲೇಜ್ ಹಿಡಿದರೂ ಹತ್ತಿರ ಹತ್ತಿರ 30 ಲೀಟರ್ ಪೆಟ್ರೋಲ್, ಅಂದರೆ ಸುಮಾರು ಮೂರು ಸಾವಿರ ರೂಪಾಯಿ. ಕಾರು ಬಿಟ್ಟು ಬಸ್ಸಿನಲ್ಲಿ ಊರಿಗೆ ಮರಳುವುದು, ರಿಪೇರಿ ಮುಗಿದಿದೆ ಎಂಬ ಫೋನು ಬಂದ ಮೇಲೆ ಮತ್ತೆ ಬಸ್ಸು ಹತ್ತುವುದು ಬೇರೆ. ಹೀಗೆ ಎಂಟು ದಿನ ಕೆಲಸ ಕೆಡುತ್ತದೆ. ವಾರಂಟಿಯಡಿ ‘ಉಚಿತ’ವಾಗಿ ನಡೆದ ನಾಲ್ಕು ರಿಪೇರಿಗಳಿಗೆ ಗ್ರಾಹಕ ತೆತ್ತ ಬೆಲೆ ಇದು. ವಾರಂಟಿ ಪುಸ್ತಕಗಳು ಸಾಮಾನ್ಯವಾಗಿ ಈ ಬಗೆಯ ಖರ್ಚನ್ನು ಸ್ಪಷ್ಟ ಮಾತುಗಳಲ್ಲೇ ಹೊರಗಿಡುತ್ತವೆ.

ಈ ಭಾಗದಲ್ಲಿ ಕಾರು ಈಗ ಒಣ ಪ್ರತಿಷ್ಠೆಯ ವಸ್ತುವಾಗಿ ಉಳಿದಿಲ್ಲ. ಗಣಿಗಾರಿಕೆ ಉತ್ತುಂಗದಲ್ಲಿದ್ದ ದಿನಗಳಲ್ಲಿ ಬಳ್ಳಾರಿಯ ಬೀದಿಗಳಲ್ಲಿ ಓಡಿದ ವಿದೇಶಿ ಕಾರುಗಳ ಕಥೆಗಳನ್ನು ರಾಜ್ಯವೆಲ್ಲ ಕೇಳಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಅಬ್ಬರ ಇಳಿಯಿತು. ಇಂದು ಕಾರು ಕೊಳ್ಳುವವರಲ್ಲಿ ತುಂಗಭದ್ರೆಯ ನೀರು ನಂಬಿ ಭತ್ತ ಬೆಳೆಯುವ ಸಿರುಗುಪ್ಪದ ರೈತರಿದ್ದಾರೆ, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಕಳಿಸುವ ಕುರುಗೋಡಿನ ಬೆಳೆಗಾರರಿದ್ದಾರೆ, ಜೀನ್ಸ್ ಹೊಲಿಗೆ ಘಟಕಗಳ ಮಾಲೀಕರಿದ್ದಾರೆ, ಶಿಕ್ಷಕರು, ಬ್ಯಾಂಕ್ ನೌಕರರಿದ್ದಾರೆ. ರಾತ್ರಿ ಹೊತ್ತು ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಓಡಬೇಕಾದ ಕುಟುಂಬಕ್ಕೆ ಕಾರು ಸ್ಟಾರ್ಟ್ ಆಗುವುದೇ ಮುಖ್ಯ.

ಹೆಚ್ಚಿನವರು ಸಾಲದ ಮೇಲೆ ಕೊಂಡವರು. ಕಾರು ಷೆಡ್ಡಿನಲ್ಲಿ ನಿಂತರೂ ತಿಂಗಳ ಕಂತು ನಿಲ್ಲುವುದಿಲ್ಲ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆಯೂ ದೇಶದಲ್ಲೇ ಹೆಚ್ಚಿನ ದರಗಳಲ್ಲಿ ಒಂದು. ಐದರಿಂದ ಹತ್ತು ಲಕ್ಷ ರೂಪಾಯಿಯ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ. 17, ಅದರ ಮೇಲೆ ಸೆಸ್. ಒಂಬತ್ತು ಲಕ್ಷದ ಕಾರಿಗೆ ಸೆಸ್ ಬಿಟ್ಟೇ 1.26 ಲಕ್ಷ ರೂಪಾಯಿ ಸರ್ಕಾರಕ್ಕೆ ಸಲ್ಲುತ್ತದೆ. ಇಷ್ಟು ಹಣ ಸುರಿದ ವಸ್ತು ಎಡವಟ್ಟಾದಾಗ ಗ್ರಾಹಕನ ಕೈಯಲ್ಲಿ ಉಳಿಯುವುದು ಒಂದು ಚಿಕ್ಕ ಪುಸ್ತಕ.

ಪುಸ್ತಕದಲ್ಲಿ ಏನಿದೆ?

ವಾರಂಟಿ ಪುಸ್ತಕ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಕಾರು ಕೈಗೆ ಬರುವ ದಿನ ಅದನ್ನು ಓದುವವರು ವಿರಳ. ಓದಿದರೆ ತಿಳಿಯುವ ಮೊದಲ ಸಂಗತಿ: ವಾರಂಟಿ ಎಂಬುದು ಕಾರಿಗೆ ನೀಡಿದ ಭರವಸೆಯಲ್ಲ, ಕಾರಿನ ಬಿಡಿಭಾಗಗಳಿಗೆ ನೀಡಿದ ಭರವಸೆ. ತಯಾರಿಕೆಯಲ್ಲಿ ಅಥವಾ ಲೋಹದಲ್ಲಿ ದೋಷವಿರುವ ಭಾಗವನ್ನು ಕಂಪನಿ ರಿಪೇರಿ ಮಾಡಿಕೊಡುತ್ತದೆ ಅಥವಾ ಬದಲಿಸಿಕೊಡುತ್ತದೆ. ಯಾವುದನ್ನು ಮಾಡಬೇಕೆಂಬ ಆಯ್ಕೆ ಕಂಪನಿಯದು. ಇಡೀ ಕಾರನ್ನು ಬದಲಿಸಿಕೊಡುವ ಮಾತು ಅಲ್ಲಿ ಇರುವುದಿಲ್ಲ.

ಎರಡನೆಯದು, ವಾರಂಟಿಯ ಹೊರಗೆ ಉಳಿಯುವ ಭಾಗಗಳ ಪಟ್ಟಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಬಲ್ಬ್, ಫಿಲ್ಟರ್ ಮುಂತಾದವು ಬಳಕೆಯಿಂದ ಸವೆಯುವ ಭಾಗಗಳು ಎಂಬ ಕಾರಣಕ್ಕೆ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ, ಸೇರಿದರೂ ಅಲ್ಪ ಅವಧಿಗೆ ಮಾತ್ರ. ಟೈರು ಮತ್ತು ಬ್ಯಾಟರಿಗೆ ಅವುಗಳನ್ನು ತಯಾರಿಸಿದ ಕಂಪನಿಗಳೇ ಬೇರೆಯಾಗಿ ಹೊಣೆ. ಮೂರನೆಯದು ಬಳಕೆಯ ಷರತ್ತು. ನಿಗದಿತ ದಿನಕ್ಕೆ ಅಥವಾ ಕಿಲೋಮೀಟರಿಗೆ ಸರ್ವೀಸ್ ಮಾಡಿಸಿರಬೇಕು. ದೂಳಿನ ರಸ್ತೆ, ತೀವ್ರ ಬಿಸಿಲು, ಪದೇ ಪದೇ ಅಲ್ಪ ದೂರದ ಓಡಾಟ ಇವುಗಳನ್ನು ಅನೇಕ ಕಂಪನಿಗಳು ‘ಕಠಿಣ ಬಳಕೆ’ ಎಂದು ಗುರುತಿಸಿ, ಎಂಜಿನ್ ಆಯಿಲ್ ಮತ್ತು ಏರ್ ಫಿಲ್ಟರ್‌ಗಳನ್ನು ಇನ್ನೂ ಬೇಗ ಬದಲಿಸಬೇಕೆಂದು ಸೂಚಿಸುತ್ತವೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಾಪಮಾನ, ಅದಿರು ಲಾರಿಗಳು ಎಬ್ಬಿಸುವ ಕೆಂಪು ದೂಳು, ಕಾಲುವೆ ಬದಿಯ ಕಚ್ಚಾ ಹಾದಿ. ಬಳ್ಳಾರಿ ಸೀಮೆಯ ನಿತ್ಯದ ಓಡಾಟವೇ ಈ ವ್ಯಾಖ್ಯೆಯೊಳಗೆ ಬರುತ್ತದೆ. ಮಾರುವಾಗ ‘ಎಂಥ ರಸ್ತೆಗೂ ಸೈ’ ಎನ್ನಿಸಿಕೊಂಡ ಕಾರು ರಿಪೇರಿಗೆ ಬಂದಾಗ ‘ಬಳಕೆಯ ದೋಷ’ಕ್ಕೆ ಒಳಗಾಗುವುದು ಹೀಗೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳು ಇದಕ್ಕೆ ಒಳ್ಳೆಯ ನಿದರ್ಶನ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡಲು ಈ ಕಾರುಗಳಲ್ಲಿ ಒಂದು ಜಾಲರಿ ಇರುತ್ತದೆ. ಡಿಪಿಎಫ್ ಎಂದು ಮೆಕ್ಯಾನಿಕ್‌ಗಳು ಕರೆಯುವ ಇದರೊಳಗಿನ ಮಸಿ ಸುಟ್ಟುಹೋಗಬೇಕಾದರೆ ಕಾರು ಆಗಾಗ ಒಂದೇ ವೇಗದಲ್ಲಿ ಕೆಲಹೊತ್ತು ಹೆದ್ದಾರಿಯಲ್ಲಿ ಓಡಬೇಕು. ಊರೊಳಗೇ ಮೂರು ನಾಲ್ಕು ಕಿಲೋಮೀಟರ್ ಓಡಾಡುವ ಕಾರಿನಲ್ಲಿ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ ಬಲ ಕುಂದುತ್ತದೆ. ಇದು ಕಾರಿನ ದೋಷವೋ ಓಡಿಸಿದವನ ದೋಷವೋ? ಸರ್ವೀಸ್ ಸೆಂಟರ್‌ನವರು ಎರಡನೆಯದನ್ನು ಹೇಳುತ್ತಾರೆ. ಈ ಓಡಾಟಕ್ಕೆ ಡೀಸೆಲ್ ಕಾರು ತಕ್ಕುದಲ್ಲ ಎಂದು ಮಾರುವಾಗಲೇ ಏಕೆ ಹೇಳಲಿಲ್ಲ ಎಂಬ ಗ್ರಾಹಕನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಭತ್ತದ ಗೋದಾಮು, ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ ನಿಲ್ಲುವ ಕಾರುಗಳಿಗೆ ಇಲಿಗಳ ಕಾಟ. ಇಲಿ ಕಡಿದ ವೈರಿಂಗ್ ವಾರಂಟಿಗೆ ಸೇರದು, ವಿಮೆಯ ಷರತ್ತುಗಳನ್ನು ನೋಡಬೇಕು. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2025ರಲ್ಲಿ ದೇಶದೆಲ್ಲೆಡೆ ಹರಡಿದ ಮೇಲೆ ಹಳೆಯ ಕಾರುಗಳ ಮಾಲೀಕರಲ್ಲಿ ಇನ್ನೊಂದು ಆತಂಕ ಹುಟ್ಟಿತು. ಎಥೆನಾಲ್ ರಹಿತ ಪೆಟ್ರೋಲನ್ನೂ ಪಂಪುಗಳಲ್ಲಿ ಇಡಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಇಂಧನದ ಗುಣಮಟ್ಟವನ್ನು ಮುಂದಿಟ್ಟು ವಾರಂಟಿ ನಿರಾಕರಿಸಿದರೆ ಪಂಪಿನಲ್ಲಿ ಸಿಕ್ಕಿದ್ದನ್ನೇ ತುಂಬಿಸಿದ ಗ್ರಾಹಕ ಏನು ಮಾಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ದೇವರು ಕೊಟ್ಟರೂ ಪೂಜಾರಿ ಕೊಡ

ಗ್ರಾಹಕನಿಗೆ ಕಾಣುವುದು ಡೀಲರ್. ವಾರಂಟಿ ಕೊಟ್ಟಿರುವುದು ಕಂಪನಿ. ಇವರಿಬ್ಬರ ನಡುವಿನ ವ್ಯವಹಾರ ತಿಳಿಯದೆ ಈ ಅಲೆದಾಟದ ಕಾರಣ ಅರ್ಥವಾಗದು.

ಕಾರು ಬಂದಾಗ ಸರ್ವೀಸ್ ಅಡ್ವೈಸರ್ ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆದುಕೊಳ್ಳುತ್ತಾನೆ. ಮೆಕ್ಯಾನಿಕ್ ಪರೀಕ್ಷಿಸುತ್ತಾನೆ. ಭಾಗ ಬದಲಿಸಬೇಕೆಂದಾದರೆ ಡೀಲರ್ ಕಂಪನಿಗೆ ಕ್ಲೇಮ್ ಕಳಿಸುತ್ತಾನೆ. ಬಿಡಿಭಾಗದ ವೆಚ್ಚ, ಲೇಬರ್ ಚಾರ್ಜ್ ಎರಡೂ ಕಂಪನಿ ನಿಗದಿಪಡಿಸಿದ ದರದಲ್ಲಿ ಡೀಲರ್‌ಗೆ ಸಂದಾಯವಾಗುತ್ತವೆ. ಬದಲಿಸಿದ ಹಳೆಯ ಭಾಗವನ್ನು ಕಂಪನಿ ಕೇಳಿದಾಗ ಒಪ್ಪಿಸಬೇಕು. ಕ್ಲೇಮ್ ತಿರಸ್ಕೃತವಾದರೆ ಆ ಖರ್ಚು ಡೀಲರ್‌ನ ತಲೆಗೆ. ಹಣ ಕೊಟ್ಟು ರಿಪೇರಿ ಮಾಡಿಸುವ ಗ್ರಾಹಕನಿಂದ ಬರುವ ಲಾಭ ವಾರಂಟಿ ರಿಪೇರಿಯಲ್ಲಿ ಇಲ್ಲ. ಹೀಗಾಗಿ ಸಂಶಯ ಬಂದಲ್ಲೆಲ್ಲ ‘ಇದು ವಾರಂಟಿಗೆ ಬರುವುದಿಲ್ಲ’ ಎನ್ನುವುದು ಡೀಲರ್‌ಗೆ ಸುರಕ್ಷಿತ ದಾರಿ. ಗ್ರಾಹಕ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ದೂರು ಸುತ್ತಿ ಬಳಸಿ ಮತ್ತೆ ಅದೇ ಡೀಲರ್‌ನ ಮೇಜಿಗೆ ಬರುತ್ತದೆ.

ಇದರ ಜತೆಗೆ ಬಂದು ಹೋಗುವ ದೋಷಗಳ ಕಾಟ. ಬಿಸಿಲಲ್ಲಿ ಹೆದ್ದಾರಿಯ ಮೇಲೆ ನಿಂತುಬಿಟ್ಟ ಕಾರು ಬೆಳಗಿನ ತಂಪಿನಲ್ಲಿ ಸರ್ವೀಸ್ ಸೆಂಟರ್ ತಲುಪಿದಾಗ ಜಾಣ ಮಗುವಿನಂತೆ ಓಡುತ್ತದೆ. ಕಂಪ್ಯೂಟರ್ ಸ್ಕ್ಯಾನರ್ ಜೋಡಿಸಿದರೆ ಏನೂ ತೋರಿಸದೆ ಇರಬಹುದು. ‘ಪರೀಕ್ಷಿಸಲಾಗಿ ದೋಷ ಕಂಡುಬರಲಿಲ್ಲ’ ಎಂಬ ಷರಾದೊಂದಿಗೆ ಕಾರು ಮರಳುತ್ತದೆ. ಮುಂದೊಂದು ದಿನ ಆಯೋಗದ ಮುಂದೆ ನಿಂತಾಗ ಈ ಒಂದು ಸಾಲು ಗ್ರಾಹಕನ ವಿರುದ್ಧದ ಸಾಕ್ಷ್ಯವಾಗುತ್ತದೆ.

ಕಂಪನಿ ಮತ್ತು ಡೀಲರ್ ನಡುವೆ ಹೊಣೆ ಜಾರುವುದಕ್ಕೆ ಕಾನೂನಿನಲ್ಲೂ ಎಡೆ ಇದೆ. ಗೋವಾದ ಗ್ರಾಹಕರೊಬ್ಬರಿಗೆ ಡೀಲರ್ ಹಳೆಯ ಮಾದರಿಯ ಕಾರನ್ನು ಹೊಸದೆಂದು ನೀಡಿದ ಪ್ರಕರಣದಲ್ಲಿ 2021ರ ಫೆಬ್ರುವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಟಾಟಾ ಮೋಟಾರ್ಸ್ ಮೇಲಿನ ಹೊಣೆಯನ್ನು ತೆಗೆದುಹಾಕಿತು. ಇಬ್ಬರ ನಡುವಿನ ಒಪ್ಪಂದ ಸಮಾನ ವ್ಯವಹಾರಸ್ಥರದ್ದಾಗಿರುವಾಗ, ಡೀಲರ್‌ನ ತಪ್ಪು ಕಂಪನಿಗೆ ತಿಳಿದಿತ್ತು ಎಂದು ಸಾಬೀತಾಗದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂಬುದು ಅದರ ತಿರುಳು. ತಯಾರಿಕಾ ದೋಷಕ್ಕೆ ಈ ಮಾತು ಅನ್ವಯಿಸದು. ಆದರೆ ಯಾವುದು ಯಾರ ತಪ್ಪು ಎಂದು ಬಿಡಿಸಿ ತೋರಿಸುವ ಭಾರ ಗ್ರಾಹಕನ ಹೆಗಲಿಗೆ ಬೀಳುತ್ತದೆ.

ಕಂಪನಿಯೇ ಜಾಗ ಖಾಲಿ ಮಾಡಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ದೇಶದಲ್ಲಿ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಬಿಡಿಭಾಗ, ಸರ್ವೀಸ್ ಮುಂದುವರಿಯುತ್ತವೆ ಎಂದು ಇಬ್ಬರೂ ಭರವಸೆ ಕೊಟ್ಟರು. ಆದರೆ ಮಾರಾಟವಿಲ್ಲದ ಷೋರೂಂ ಹೆಚ್ಚು ಕಾಲ ಬಾಳದು. ಬಾಗಿಲು ಮುಚ್ಚಿದಾಗ ಮೊದಲು ಒಂಟಿಯಾಗುವವನು ಸಣ್ಣ ಊರಿನ ಗ್ರಾಹಕ.

ಮನೆ ಮುಂದಿನ ಗ್ಯಾರೇಜಿಗೆ ಹೋಗಬಾರದೇ?

ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಊರಿನ ಮೇಸ್ತ್ರಿಯೇ ಎಂಜಿನ್ ಇಳಿಸಿ ಜೋಡಿಸುತ್ತಿದ್ದ. ಇಂದಿಗೂ ಸಿರುಗುಪ್ಪ, ಕುರುಗೋಡಿನಲ್ಲಿ ಕೈಚಳಕವಿರುವ ಮೆಕ್ಯಾನಿಕ್‌ಗಳಿಗೆ ಕೊರತೆ ಇಲ್ಲ. ಆದರೆ ಹೊರಗೆ ಕೈ ಹಾಕಿಸಿದರೆ ವಾರಂಟಿ ರದ್ದು ಎಂಬ ಹೆದರಿಕೆಯಿಂದ ಗ್ರಾಹಕ 55 ಕಿಲೋಮೀಟರ್ ದೂರ ಹೋಗುತ್ತಾನೆ.

ಈ ಹೆದರಿಕೆಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿಯೇ ಕೈ ಹಾಕಿತ್ತು. ಬಿಡಿಭಾಗ ಮತ್ತು ದೋಷ ಪತ್ತೆಯ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ ಆರೋಪದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವಂತಿಲ್ಲ, ಆ ರಿಪೇರಿಯ ತಪ್ಪಿನಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಆದೇಶದ ವಿರುದ್ಧ ಮೇಲಿನ ಮೆಟ್ಟಿಲು ಹತ್ತಿದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದರೂ ದಂಡದ ಮೊತ್ತವನ್ನು ಇಳಿಸಿತು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆಯಿತು. ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಕಂಪನಿಗಳನ್ನು ಕಟ್ಟಿಹಾಕುವ ಕಾಯ್ದೆಯಾಗಿ ಅದು ರೂಪುಗೊಂಡಿಲ್ಲ.

ನ್ಯಾಯಾಲಯಗಳು ಹೇಳಿದ್ದು

ದೋಷವಿರುವ ಕಾರಿನ ಬದಲು ಹೊಸ ಕಾರು ಸಿಗುತ್ತದೆಯೇ? ಈ ಪ್ರಶ್ನೆಗೆ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಉತ್ತರ ಇಂದಿಗೂ ಕಂಪನಿಗಳ ಗುರಾಣಿ. ಕ್ಲಚ್ ದೋಷದ ಆ ಪ್ರಕರಣದಲ್ಲಿ, ವಾರಂಟಿ ಷರತ್ತಿನ ಪ್ರಕಾರ ಕಂಪನಿಯ ಹೊಣೆ ದೋಷಯುಕ್ತ ಭಾಗವನ್ನು ಬದಲಿಸುವುದಕ್ಕೆ ಸೀಮಿತ, ಇಡೀ ಕಾರು ಬದಲಿಸಲು ಆದೇಶಿಸಲಾಗದು ಎಂದು ನ್ಯಾಯಾಲಯ ಹೇಳಿತು.

2010ರ ಫಿಯೆಟ್ ಇಂಡಿಯಾ ಪ್ರಕರಣದಲ್ಲಿ ಬಾಗಿಲು ತುಸು ತೆರೆಯಿತು. ಎಂಜಿನ್ ಬದಲಿಸಿದರೂ ಸಮಾಧಾನವಾಗದ ಗ್ರಾಹಕನ ಕಾರನ್ನು ಸ್ವತಂತ್ರ ತಾಂತ್ರಿಕ ತಜ್ಞರಿಂದ ಪರೀಕ್ಷಿಸಬೇಕು, ಮೂಲದಲ್ಲೇ ತಯಾರಿಕಾ ದೋಷ ಇರುವುದು ಖಚಿತವಾದರೆ ಹಣ ಮರಳಿಸಬೇಕು ಎಂಬ ನಿಲುವು ಅಲ್ಲಿ ಬಂತು. ಅಂದರೆ ತಜ್ಞರ ವರದಿಯೇ ಪ್ರಕರಣದ ಜೀವಾಳ.

2022ರ ಏಪ್ರಿಲ್‌ನ ಹ್ಯುಂಡೈ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. 2015ರಲ್ಲಿ ಕೊಂಡ ಕ್ರೆಟಾ ಕಾರು 2017ರಲ್ಲಿ ಅಪಘಾತಕ್ಕೀಡಾದಾಗ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಡಿಕ್ಕಿಯ ವೇಗ, ಬಲಗಳನ್ನು ಲೆಕ್ಕ ಹಾಕಲು ಗ್ರಾಹಕನೇನೂ ಭೌತಶಾಸ್ತ್ರದ ಪಂಡಿತನಲ್ಲ ಎಂಬ ಅರ್ಥದ ಮಾತನ್ನು ನ್ಯಾಯಾಲಯ ಆಡಿತು. ಕಾರು ಬದಲಿಸಿಕೊಡಬೇಕು, ಮೂರು ಲಕ್ಷ ರೂಪಾಯಿ ಪರಿಹಾರ ನೀಡಬೇಕು ಎಂಬ ಆದೇಶವನ್ನು ಎತ್ತಿಹಿಡಿಯಿತು. ದೋಷ ಮೇಲ್ನೋಟಕ್ಕೇ ಎದ್ದುಕಾಣುವಾಗ ತಜ್ಞರ ವರದಿ ಇಲ್ಲವೆಂಬ ಒಂದೇ ಕಾರಣಕ್ಕೆ ಗ್ರಾಹಕನನ್ನು ಬರಿಗೈಲಿ ಕಳಿಸಲಾಗದು ಎಂಬುದು ಇದರ ಸಾರ.

2024ರ ಜುಲೈನಲ್ಲಿ ಎರಡು ತೀರ್ಪುಗಳು ಬಂದವು. ಹೈದರಾಬಾದಿನಲ್ಲಿ 2009ರಲ್ಲಿ ಕೊಂಡ ಕಾರಿನ ವಿವಾದದಲ್ಲಿ ಬಿಎಂಡಬ್ಲ್ಯು ಇಂಡಿಯಾ 50 ಲಕ್ಷ ರೂಪಾಯಿ ನೀಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಗ್ರಾಹಕ ಸಂಸ್ಥೆ ಗೆದ್ದಿತು, ಆದರೆ ಹಿಡಿದದ್ದು ಹದಿನೈದು ವರ್ಷ. ಮರ್ಸಿಡಿಸ್ ಕಾರುಗಳ ಮತ್ತೊಂದು ಪ್ರಕರಣದಲ್ಲಿ, ಕಂಪನಿಯ ನಿರ್ದೇಶಕರ ಓಡಾಟಕ್ಕೆಂದು ಕೊಂಡ ಕಾರು ‘ವಾಣಿಜ್ಯ ಉದ್ದೇಶ’ದ್ದಾಗದು, ಅಂಥ ಕಂಪನಿಯೂ ಗ್ರಾಹಕನೇ ಎಂದು ಹೇಳಿತು. ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವ ಬಳ್ಳಾರಿಯ ಗುತ್ತಿಗೆದಾರರು, ಗಿರಣಿ ಮಾಲೀಕರು ಇದನ್ನು ಗಮನಿಸಬೇಕು.

ಕಲಬುರಗಿ ನೀಡಿದ ಎಚ್ಚರಿಕೆ

ದೂರಿಗೆ ಕಿವಿಗೊಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಲ್ಯಾಣ ಕರ್ನಾಟಕವೇ ಸಾಕ್ಷಿ. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಓಲಾ ವಿದ್ಯುತ್ ಸ್ಕೂಟರ್ ಷೋರೂಂಗೆ ಯುವಕನೊಬ್ಬ ಬೆಂಕಿ ಹಚ್ಚಿದ. ಹಿಂದಿನ ತಿಂಗಳಷ್ಟೇ ಕೊಂಡ ಸ್ಕೂಟರ್ ಕೆಟ್ಟು, ಷೋರೂಂಗೆ ಅಲೆದರೂ ಸರಿಯಾಗಲಿಲ್ಲ ಎಂಬ ಸಿಟ್ಟು ಅದಕ್ಕೆ ಕಾರಣ ಎಂದು ಪೊಲೀಸರು ತಿಳಿಸಿದ್ದರು. ಮರು ತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ಷೋಕಾಸ್ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದಿದ್ದವು. ಶೇ. 99.1ರಷ್ಟು ದೂರು ಬಗೆಹರಿದಿವೆ ಎಂದು ಕಂಪನಿ ಉತ್ತರಿಸಿತು.

ಬೆಂಕಿ ಹಚ್ಚಿದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಾಯವಾಣಿಗೆ ಹೋದ ದೂರುಗಳು ಎಣಿಕೆಗೆ ಸಿಕ್ಕಿದ್ದರಿಂದಲೇ ಪ್ರಾಧಿಕಾರ ಎದ್ದು ಕುಳಿತದ್ದು. ಷೋರೂಂನ ಕಟ್ಟೆಯ ಮೇಲೆ ಆಡಿದ ಜಗಳ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಬಳ್ಳಾರಿಯಲ್ಲೇ ದಾವೆ ಹೂಡಬಹುದು

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ದೂರದ ಊರಿನ ಗ್ರಾಹಕನಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. 1986ರ ಕಾಯ್ದೆಯಲ್ಲಿ ಎದುರಾಳಿ ಇರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ ದೂರು ಸಲ್ಲಿಸಬೇಕಿತ್ತು. ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದಲ್ಲೂ ಸಲ್ಲಿಸಬಹುದು. ಸಿರುಗುಪ್ಪದ ನಿವಾಸಿ ಬೆಂಗಳೂರಿನಲ್ಲಿ ಕಾರು ಕೊಂಡಿದ್ದರೂ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಬರಬಹುದು.

ತೆತ್ತ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣ ಜಿಲ್ಲಾ ಆಯೋಗದ ವ್ಯಾಪ್ತಿಗೆ ಸೇರುತ್ತದೆ. ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ಹತ್ತು ಲಕ್ಷದವರೆಗೆ 200 ರೂಪಾಯಿ, ಇಪ್ಪತ್ತು ಲಕ್ಷದವರೆಗೆ 400 ರೂಪಾಯಿ, ಅದರಾಚೆ 1,000 ರೂಪಾಯಿ. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರಿತ್ತರೆ ಎಷ್ಟೋ ಬಾರಿ ಅಲ್ಲಿಯೇ ಇತ್ಯರ್ಥವಾಗುವುದುಂಟು.

ಎಚ್ಚರ ಬೇಕಾದ ಮುಖ್ಯ ಅಂಶ ಕಾಲಮಿತಿ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು. ‘ಮುಂದಿನ ಸರ್ವೀಸ್‌ನಲ್ಲಿ ನೋಡೋಣ’ ಎಂಬ ಮಾತು ನಂಬಿ ಕುಳಿತರೆ ಆ ಎರಡು ವರ್ಷ ಕೈಜಾರಬಹುದು. ತಡವಾದುದಕ್ಕೆ ಸಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ.

ಸಾಕ್ಷ್ಯಗಳಲ್ಲಿ ಮೊದಲ ಸ್ಥಾನ ಜಾಬ್ ಕಾರ್ಡ್‌ನದು. ಗ್ರಾಹಕ ಹೇಳಿದ ದೂರು ಅವನ ಮಾತಿನಲ್ಲೇ ಅದರಲ್ಲಿ ದಾಖಲಾಗಬೇಕು. ಹೆದ್ದಾರಿಯಲ್ಲಿ ಎಂಜಿನ್ ನಿಂತುಹೋಯಿತು ಎಂದು ಹೇಳಿದ್ದನ್ನು ‘ಸಾಮಾನ್ಯ ತಪಾಸಣೆ’ ಎಂದು ಬರೆದರೆ ಸಹಿ ಹಾಕಬಾರದು. ಕಾರು ಒಳಗೆ ಹೋದ ದಿನ, ಹೊರಗೆ ಬಂದ ದಿನ, ಕಿಲೋಮೀಟರ್, ಬದಲಿಸಿದ ಭಾಗ ಇವೆಲ್ಲ ಪ್ರತಿ ಬಾರಿ ಕಾಗದದ ಮೇಲೆ ಇರಬೇಕು. ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ಡೀಲರ್ ಜತೆಗೆ ಕಂಪನಿಗೂ ಇಮೇಲ್ ಹೋಗಬೇಕು. ಬಂದು ಹೋಗುವ ದೋಷವನ್ನು ಮೊಬೈಲ್‌ನಲ್ಲಿ ಚಿತ್ರಿಸಿಡಬೇಕು. ಆಯೋಗದಲ್ಲಿ ಡೀಲರ್, ಕಂಪನಿ ಇಬ್ಬರನ್ನೂ ಎದುರಾಳಿಗಳನ್ನಾಗಿ ಮಾಡಬೇಕು.

ತಜ್ಞರ ಪರೀಕ್ಷೆಗೂ ಕಾಯ್ದೆಯಲ್ಲಿ ಅವಕಾಶವಿದೆ. ಪರೀಕ್ಷೆಯಿಲ್ಲದೆ ದೋಷ ನಿರ್ಣಯಿಸಲಾಗದಿದ್ದರೆ ಆಯೋಗ ಪ್ರಯೋಗಾಲಯದ ವರದಿ ತರಿಸಬಹುದು. ವರದಿಗೆ 45 ದಿನಗಳ ಗಡುವು. ಶುಲ್ಕವನ್ನು ಮಾತ್ರ ಮೊದಲು ದೂರುದಾರನೇ ಕಟ್ಟಬೇಕಾಗಬಹುದು. ಇಡೀ ಪ್ರಕರಣ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಆಶಿಸುತ್ತದೆ. ವಾಸ್ತವದಲ್ಲಿ ಹಾಗಾಗುವುದು ಅಪರೂಪ. ಎದುರಾಳಿ 45 ದಿನಗಳೊಳಗೆ ಉತ್ತರ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದ್ದು ಮೊದಲ ಹಂತದ ಎಳೆದಾಟಕ್ಕಷ್ಟೇ ಕಡಿವಾಣ.

ಎಷ್ಟು ಬಾರಿ, ಎಷ್ಟು ದಿನ?

ನಮ್ಮಲ್ಲಿ ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಅಮೆರಿಕದಲ್ಲಿ ಪದೇ ಪದೇ ಕೆಡುವ ಹೊಸ ಕಾರಿಗೇ ನಿಂಬೆಹಣ್ಣು ಎಂಬ ಅಡ್ಡಹೆಸರು. ಅಂಥ ಕಾರುಗಳಿಗಾಗಿ ಕನೆಕ್ಟಿಕಟ್ ರಾಜ್ಯ 1982ರಲ್ಲಿ ಮಾಡಿದ ‘ನಿಂಬೆ ಕಾಯ್ದೆ’ಯನ್ನು ಮುಂದೆ ಉಳಿದ ರಾಜ್ಯಗಳೂ ಅನುಸರಿಸಿದವು. ಸಿಂಗಪುರ 2012ರಲ್ಲಿ ತನ್ನದೇ ಕಾಯ್ದೆ ತಂದಿತು. ಅಮೆರಿಕದ ಅನೇಕ ರಾಜ್ಯಗಳ ನಿಯಮ ಸರಳ: ನಿಗದಿತ ಅವಧಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಬಾರಿ ರಿಪೇರಿಯಾಗಿಯೂ ಸರಿಹೋಗದಿದ್ದರೆ, ಅಥವಾ ಕಾರು ಒಟ್ಟು 30 ದಿನ ರಿಪೇರಿಯಲ್ಲೇ ನಿಂತಿದ್ದರೆ, ಅದು ಕೆಟ್ಟ ಕಾರು ಎಂದು ಕಾನೂನೇ ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಕಂಪನಿಯದು.

ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ, 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ವಾಹನ ವಾಪಸಾತಿ ನಿಯಮ. ಏಳು ವರ್ಷದೊಳಗಿನ ವಾಹನಗಳಲ್ಲಿ ಸುರಕ್ಷತೆಗೆ ಧಕ್ಕೆ ತರುವ ದೋಷ ಕಂಡರೆ ಅವುಗಳನ್ನು ಕರೆಸಿ ಸರಿಪಡಿಸುವಂತೆ ಸರ್ಕಾರ ಆದೇಶಿಸಬಹುದು, ಕಂಪನಿಗೆ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ನಿಗದಿತ ಸಂಖ್ಯೆಯ ದೂರುಗಳು ಬಂದಾಗ ಇಡೀ ತಂಡದ ವಾಹನಗಳಿಗೆ ಅನ್ವಯವಾಗುವ ನಿಯಮ ಅದು. ಒಂದೇ ಒಂದು ಕೆಟ್ಟ ಕಾರು ಹಿಡಿದು ನಿಂತ ಕುರುಗೋಡಿನ ಗ್ರಾಹಕನಿಗೆ ಅದರಿಂದ ನೇರ ಪ್ರಯೋಜನ ಇಲ್ಲ.

ಅವನಿಗೆ ಬೇಕಾದದ್ದು ಎಣಿಸುವ ನಿಯಮ. ರಿಪೇರಿಗೆ ಬಂದ ಸಲಗಳನ್ನೂ ನಿಂತ ದಿನಗಳನ್ನೂ ಎಣಿಸಿ, ಮಿತಿ ದಾಟಿದ ಕೂಡಲೇ ಹಣ ವಾಪಸು ಅಥವಾ ಬೇರೆ ಕಾರು ಎಂದು ಹೇಳುವ ನಿಯಮ. ಡೀಲರ್‌ಗಳ ಕಂಪ್ಯೂಟರಿನಲ್ಲಿ ಈ ಅಂಕಿಗಳು ಈಗಾಗಲೇ ಇವೆ. ಅವುಗಳಿಗೆ ಕಾನೂನಿನ ಬಲ ಕೊಡುವ ಕೆಲಸ ಕೇಂದ್ರ ಸರ್ಕಾರದ್ದು. ವಾರಂಟಿ ಪುಸ್ತಕವನ್ನು ಕನ್ನಡದಲ್ಲಿ ಕೊಡಿಸುವುದು, ಅಧಿಕೃತ ಸರ್ವೀಸ್ ಸೆಂಟರ್ ಇಲ್ಲದ ತಾಲ್ಲೂಕುಗಳಿಂದ ಕಾರನ್ನು ಕಂಪನಿಯೇ ಒಯ್ದು ತಂದೊಪ್ಪಿಸುವಂತೆ ಒತ್ತಾಯಿಸುವುದು ರಾಜ್ಯ ಸರ್ಕಾರ ಮತ್ತು ಇಲ್ಲಿನ ಜನಪ್ರತಿನಿಧಿಗಳಿಂದ ಆಗಬಹುದಾದ ಕೆಲಸ. ಶೇ. 14, ಶೇ. 17ರಂತೆ ತೆರಿಗೆ ಪಡೆಯುವ ಸರ್ಕಾರಕ್ಕೆ ಆ ಹಣ ಕೊಟ್ಟವನ ಕಾರು ಓಡುತ್ತಿದೆಯೇ ಎಂದು ಕೇಳುವ ಹೊಣೆಯೂ ಇದೆ. ಅಲ್ಲಿಯವರೆಗೆ ಸಿರುಗುಪ್ಪ, ಕುರುಗೋಡಿನ ಗ್ರಾಹಕನ ಕೈಲಿರುವ ಆಯುಧ ಒಂದೇ: ದಿನಾಂಕ ಹಾಕಿ, ಸಹಿ ಮಾಡಿಸಿ, ಜೋಪಾನವಾಗಿ ಇಟ್ಟುಕೊಂಡ ಜಾಬ್ ಕಾರ್ಡ್‌ಗಳ ಕಟ್ಟು.